ವರ್ಚುವಲ್ ರಿಯಾಲಿಟಿ ಆಟ: ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ

ನಡುಮನೆಯ ನೆಲದ ಮೇಲೆ ಒಂದು ಮರದ ಹಲಗೆ. ಅಗಲ ಒಂದು ಅಡಿ, ದಪ್ಪ ಎರಡು ಬೆರಳು. ಅದರ ಮೇಲೆ ನಡೆದು ಆ ತುದಿ ಮುಟ್ಟಿ ಬಾ ಎಂದರೆ ನಾಲ್ಕು ವರ್ಷದ ಮಗುವೂ ಓಡಿಹೋಗಿ ಬರುತ್ತದೆ. ಆದರೆ ಕಣ್ಣಿಗೆ ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಕಟ್ಟಿಕೊಂಡ ದೊಡ್ಡವರು ಅದೇ ಹಲಗೆಯ ಮೇಲೆ ಒಂದು ಹೆಜ್ಜೆ ಇಡಲು ತಡವರಿಸುತ್ತಾರೆ. ಮೊಣಕಾಲು ನಡುಗುತ್ತದೆ, ಅಂಗೈ ಬೆವರುತ್ತದೆ. ಕೆಲವರು ಅಲ್ಲೇ ಕುಕ್ಕರಿಸಿ ಕೂರುತ್ತಾರೆ. ಇನ್ನು ಕೆಲವರು ಹೆಡ್‌ಸೆಟ್ ಕಿತ್ತು ‘ಸಾಕಪ್ಪಾ ಸಾಕು’ ಎನ್ನುತ್ತಾರೆ.

ಅವರು ಆಡುತ್ತಿರುವ ಆಟದ ಹೆಸರು ‘ರಿಚೀಸ್ ಪ್ಲ್ಯಾಂಕ್ ಎಕ್ಸ್‌ಪೀರಿಯೆನ್ಸ್’. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಚಿಕ್ಕ ಸಂಸ್ಥೆಯೊಂದು 2016ರಲ್ಲಿ ಇದನ್ನು ಹೊರತಂದಿತು. ಆಟ ಬಹಳ ಸರಳ. ಆಟಗಾರ ಗಗನಚುಂಬಿ ಕಟ್ಟಡವೊಂದರ ಲಿಫ್ಟ್ ಹತ್ತುತ್ತಾನೆ. ಮೇಲೆ ಹೋಗಿ ಬಾಗಿಲು ತೆರೆದುಕೊಂಡರೆ ಎದುರಿಗೆ ಬರೀ ಬಯಲು. ಹೊರಗೆ ಚಾಚಿದ ಒಂದು ಹಲಗೆ, ಅದರ ಕೆಳಗೆ ಬಹು ಆಳದಲ್ಲಿ ಬೀದಿ. ಆ ಹಲಗೆಯ ಮೇಲೆ ನಡೆಯಬೇಕು, ಅಷ್ಟೇ. ಮನೆಯಲ್ಲಿ ನಿಜವಾದ ಹಲಗೆಯೊಂದಿದ್ದರೆ ಅದರ ಅಳತೆಯನ್ನು ಆಟಕ್ಕೆ ತಿಳಿಸಬಹುದು. ಆಗ ಕಣ್ಣಿಗೆ ಕಾಣುವ ಹಲಗೆ ಮತ್ತು ಕಾಲಿಗೆ ತಾಗುವ ಹಲಗೆ ಎರಡೂ ಒಂದೇ ಆಗುತ್ತವೆ.

ಆಟಗಾರನಿಗೆ ತಾನು ನಡುಮನೆಯಲ್ಲಿ ನಿಂತಿದ್ದೇನೆಂಬುದು ಚೆನ್ನಾಗಿ ಗೊತ್ತು. ಪಕ್ಕದಲ್ಲಿ ಕೂತವರು ನಗುವುದೂ ಅವನ ಕಿವಿಗೆ ಬೀಳುತ್ತಿರುತ್ತದೆ. ಆದರೂ ಕಾಲು ಕೇಳುವುದಿಲ್ಲ. ತಲೆಗೆ ಗೊತ್ತಿರುವುದು ಕಾಲಿಗೆ ಗೊತ್ತಿಲ್ಲದಿರುವುದೇ ವರ್ಚುವಲ್ ರಿಯಾಲಿಟಿ ಆಟಗಳ ಬಂಡವಾಳ. ಅವುಗಳ ಸೊಗಸು, ಅವು ತರುವ ಸಂಕಟ, ಅವುಗಳ ಉಪಕಾರ, ಅವುಗಳ ಅಪಾಯ ಎಲ್ಲವೂ ಹುಟ್ಟುವುದು ಇದರಿಂದಲೇ.

ಮಯನ ಸಭೆಯ ನೆಲ

ಈ ಅನುಭವ ಭಾರತ ಕಥೆ ಕೇಳಿದವರಿಗೆ ಹೊಸದಲ್ಲ. ಇಂದ್ರಪ್ರಸ್ಥದಲ್ಲಿ ಮಯ ಕಟ್ಟಿಕೊಟ್ಟ ಸಭಾಭವನದಲ್ಲಿ ದುರ್ಯೋಧನ ಸ್ಫಟಿಕದ ನೆಲವನ್ನು ನೀರೆಂದು ಬಗೆದು ಬಟ್ಟೆ ಎತ್ತಿ ಹಿಡಿದ. ಮುಂದೆ ನಿಜವಾದ ಕೊಳವನ್ನು ನೆಲವೆಂದು ತಿಳಿದು ಒಳಗೆ ಬಿದ್ದ. ಬಾಗಿಲೆಂದುಕೊಂಡು ಹೋಗಿ ಹಣೆ ಬಡಿದುಕೊಂಡ. ನೋಡಿದವರು ನಕ್ಕರು.

ವಿ.ಆರ್. ಆಟದ ಮನೆಗಳಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಆಟದಲ್ಲಿ ಕಾಣುವ ಮೇಜಿಗೆ ಒರಗಲು ಹೋಗಿ ಮುಗ್ಗರಿಸುವವರಿದ್ದಾರೆ. ಶತ್ರುವಿಗೆ ಗುದ್ದಲು ಹೋಗಿ ಟಿ.ವಿ. ಒಡೆದವರಿದ್ದಾರೆ. ಇದನ್ನು ತಪ್ಪಿಸಲೆಂದೇ ಈಗಿನ ಹೆಡ್‌ಸೆಟ್‌ಗಳಲ್ಲಿ ಗಡಿ ಹಾಕಿಕೊಳ್ಳುವ ವ್ಯವಸ್ಥೆ ಇದೆ. ಆಟಗಾರ ಗೋಡೆಯ ಹತ್ತಿರಕ್ಕೆ ಬಂದರೆ ಕಣ್ಣ ಮುಂದೆ ಗೆರೆಗಳ ಬಲೆಯೊಂದು ಮೂಡಿ ಎಚ್ಚರಿಸುತ್ತದೆ. ನಡೆದಾಡಿ ಆಡುವ ಆಟಗಳಿಗೆ ಸುಮಾರು ಆರೂವರೆ ಅಡಿ ಉದ್ದ, ಅಷ್ಟೇ ಅಗಲದ ಖಾಲಿ ಜಾಗ ಬೇಕು. ಸೋಫಾ, ಟೀಪಾಯಿ, ದಿವಾನ ತುಂಬಿದ ನಮ್ಮ ನಡುಮನೆಗಳಲ್ಲಿ ಇಷ್ಟು ಜಾಗ ಹೊಂದಿಸುವುದು ಸುಲಭವಲ್ಲ. ತಲೆಯ ಮೇಲಿನ ಫ್ಯಾನಿನ ಕಡೆಗೂ ಗಮನವಿರಬೇಕು.

ಕಣ್ಣಿಗೆ ಹೇಳುವ ಸುಳ್ಳು

ಭ್ರಮೆ ಹುಟ್ಟುವ ಬಗೆ ಹೀಗಿದೆ. ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ಎರಡು ಕಣ್ಣುಗಳ ನಡುವೆ ಆರು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಂತರವಿದೆ. ಆದ್ದರಿಂದ ಅವು ನೋಡುವ ಚಿತ್ರಗಳೂ ತುಸು ಬೇರೆಬೇರೆ. ಮಿದುಳು ಈ ವ್ಯತ್ಯಾಸದಿಂದಲೇ ದೂರವನ್ನು ಲೆಕ್ಕ ಹಾಕುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಈ ಮರ್ಮವನ್ನು ವಿವರಿಸಿದರು. ಎರಡು ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ‘ಸ್ಟೀರಿಯೋಸ್ಕೋಪ್’ ಅವರ ಸಾಧನ. ಚಪ್ಪಟೆ ಚಿತ್ರಕ್ಕೆ ಅದು ಆಳ ತಂದುಕೊಟ್ಟಿತು.

ಹೆಡ್‌ಸೆಟ್ಟಿನ ಒಳಗಿರುವುದೂ ಮೂಲತಃ ಅದೇ. ಕಣ್ಣಿನ ಹತ್ತಿರವೇ ಪರದೆ, ನಡುವೆ ಮಸೂರ, ಎರಡು ಕಣ್ಣಿಗೆ ಎರಡು ಚಿತ್ರ. ಆದರೆ ಇಷ್ಟರಿಂದಲೇ ಕಾಲು ನಡುಗುವುದಿಲ್ಲ. ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆಯಲ್ಲಿ ಇಣುಕಿದವರು ತಾಜ್‌ಮಹಲಿನ ಮುಂದೆ ನಿಂತಿದ್ದೇವೆಂದು ನಂಬುವುದಿಲ್ಲ. ತಲೆ ತಿರುಗಿಸಿದರೆ ಪೆಟ್ಟಿಗೆಯ ಚಿತ್ರ ತಿರುಗುವುದಿಲ್ಲವಲ್ಲ!

ವಿ.ಆರ್.ನ ನಿಜವಾದ ಕಸುಬು ಇರುವುದು ಇಲ್ಲಿ. ಹೆಡ್‌ಸೆಟ್ಟಿನಲ್ಲಿರುವ ಸೂಕ್ಷ್ಮ ಸಂವೇದಕಗಳು ತಲೆಯ ಪ್ರತಿ ಅಲುಗಾಟವನ್ನೂ ಅಳೆಯುತ್ತವೆ. ಹೊರಮೈಯಲ್ಲಿರುವ ಕ್ಯಾಮೆರಾಗಳು ಕೋಣೆಯನ್ನು ನೋಡುತ್ತಾ ಆಟಗಾರ ಎಲ್ಲಿ ನಿಂತಿದ್ದಾನೆ, ಎಷ್ಟು ಬಗ್ಗಿದ್ದಾನೆ ಎಂದು ಲೆಕ್ಕವಿಡುತ್ತವೆ. ಕತ್ತು ಹೊರಳಿದ ಕೂಡಲೇ ಅದಕ್ಕೆ ತಕ್ಕ ಹೊಸ ಚಿತ್ರ ಮೂಡಬೇಕು. ಕತ್ತಿನ ಚಲನೆಗೂ ಚಿತ್ರದ ಚಲನೆಗೂ ನಡುವೆ 20 ಮಿಲಿಸೆಕೆಂಡಿಗಿಂತ, ಅಂದರೆ ಒಂದು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗಬಾರದು ಎಂಬುದು ತಂತ್ರಜ್ಞರ ಅಂದಾಜು. ಅದಕ್ಕಾಗಿಯೇ 2016ರಲ್ಲಿ ಬಂದ ಪ್ರಮುಖ ಹೆಡ್‌ಸೆಟ್‌ಗಳು ಸೆಕೆಂಡಿಗೆ 90 ಚಿತ್ರ ತೋರಿಸುವ ಪರದೆಗಳನ್ನು ಬಳಸಿದವು. ತಡವಾಗದಿದ್ದರೆ ಮೈ ನಂಬುತ್ತದೆ. ತಡವಾಯಿತೋ, ಹೊಟ್ಟೆ ತೊಳಸುತ್ತದೆ.

ಸೋತವರ ಸಾಲು

ಈ ಲೆಕ್ಕ ಕೂಡಿಬರಲು ಅರ್ಧ ಶತಮಾನವೇ ಹಿಡಿಯಿತು. ಅಮೆರಿಕದ ಮಾರ್ಟನ್ ಹೈಲಿಗ್ ಎಂಬ ಛಾಯಾಗ್ರಾಹಕ 1962ರಲ್ಲಿ ‘ಸೆನ್ಸೊರಾಮಾ’ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದರು. ಕುರ್ಚಿಯಲ್ಲಿ ಕೂತು ಪೆಟ್ಟಿಗೆಯೊಳಗೆ ತಲೆಯಿಟ್ಟರೆ ಮೋಟರ್‌ಸೈಕಲ್ ಸವಾರಿ. ಕುರ್ಚಿ ಅದುರುತ್ತಿತ್ತು, ಮುಖಕ್ಕೆ ಗಾಳಿ ಬೀಸುತ್ತಿತ್ತು, ಬೀದಿಯ ವಾಸನೆಯೂ ಬರುತ್ತಿತ್ತು. ಆದರೆ ಹಣ ಹೂಡುವವರು ಸಿಗದೆ ಯಂತ್ರ ಮೂಲೆಗೆ ಬಿತ್ತು. 1968ರಲ್ಲಿ ಐವನ್ ಸದರ್‌ಲ್ಯಾಂಡ್ ಕಂಪ್ಯೂಟರಿಗೆ ಜೋಡಿಸಿದ, ತಲೆಗೆ ಕಟ್ಟುವ ಪರದೆಯನ್ನು ರೂಪಿಸಿದರು. ಅದನ್ನು ಚಾವಣಿಯಿಂದ ಇಳಿಬಿಡಬೇಕಾಗಿತ್ತು. ಕಾಣುತ್ತಿದ್ದುದು ಗೆರೆಗಳಲ್ಲಿ ಬರೆದ ಸರಳ ಆಕೃತಿಗಳು ಮಾತ್ರ. ಆದರೆ ತಲೆ ತಿರುಗಿದಂತೆ ಆ ಗೆರೆಗಳೂ ತಿರುಗಿದವು. ಇಂದಿನ ಎಲ್ಲ ಹೆಡ್‌ಸೆಟ್‌ಗಳ ಮೂಲಪುರುಷ ಅದೇ.

‘ವರ್ಚುವಲ್ ರಿಯಾಲಿಟಿ’ ಎಂಬ ಹೆಸರನ್ನು 1980ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಜೇರನ್ ಲೇನಿಯರ್. ಜನಸಾಮಾನ್ಯರ ಕೈಗೆ ಈ ಆಟ ಮೊದಲು ಸಿಕ್ಕಿದ್ದು 1991ರಲ್ಲಿ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ತಯಾರಾದ ‘ವರ್ಚುವಾಲಿಟಿ’ ಯಂತ್ರಗಳು ಆಟದಂಗಡಿಗಳಿಗೆ ಬಂದವು. ಅವುಗಳ ಹೆಸರಾಂತ ಆಟ ‘ಡ್ಯಾಕ್ಟಿಲ್ ನೈಟ್‌ಮೇರ್’. ಚದುರಂಗದ ಮಣೆಯಂಥ ನೆಲದ ಮೇಲೆ ಎದುರಾಳಿಯನ್ನು ಹುಡುಕಿ ಗುಂಡು ಹಾರಿಸಬೇಕು. ಅಷ್ಟರಲ್ಲಿ ಆಕಾಶದಿಂದ ಹಾರುವ ಸರೀಸೃಪವೊಂದು ಎರಗಿ ಆಟಗಾರನನ್ನೇ ಎತ್ತಿಕೊಂಡು ಹೋಗುತ್ತಿತ್ತು. ಅದು ತೋರಿಸುತ್ತಿದ್ದುದು ಸೆಕೆಂಡಿಗೆ ಸುಮಾರು 20 ಚಿತ್ರ. ನೆಲ ಕಣ್ಣ ಮುಂದೆ ತಡವರಿಸುತ್ತಿತ್ತು. ಸರದಿ ನಿಂತು ಆಡಿದವರು ಬೆರಗಾದರು, ಮರಳಿ ಬರಲಿಲ್ಲ.

1995ರಲ್ಲಿ ಜಪಾನಿನ ನಿಂಟೆಂಡೊ ‘ವರ್ಚುವಲ್ ಬಾಯ್’ ತಂದಿತು. ಜಗತ್ತಿನಾದ್ಯಂತ ಮನೆಮಾತಾಗಿದ್ದ ‘ಗೇಮ್ ಬಾಯ್’ ರೂಪಿಸಿದ ಗುನ್ಪೆ ಯೊಕೊಯ್ ಅವರೇ ಇದರ ಹಿಂದೆಯೂ ಇದ್ದರು. ಮೇಜಿನ ಮೇಲಿಟ್ಟ ಪೆಟ್ಟಿಗೆಗೆ ಬೆನ್ನು ಬಗ್ಗಿಸಿ ಮುಖ ಹಚ್ಚಬೇಕು. ಕಪ್ಪು ಹಿನ್ನೆಲೆಯಲ್ಲಿ ಎಲ್ಲವೂ ಕೆಂಪು. ತಲೆಯ ಚಲನೆಯನ್ನು ಅದು ಗುರುತಿಸುತ್ತಲೇ ಇರಲಿಲ್ಲ. ಕಣ್ಣಿಗೆ ಆಳ ಕಂಡಿತು, ಕತ್ತಿಗೆ ನೋವು ಬಂತು. ಕೇವಲ 22 ಆಟಗಳು ಬಂದು, ಸುಮಾರು 7,70,000 ಯಂತ್ರಗಳು ಮಾರಾಟವಾಗಿ, ಮರುವರ್ಷವೇ ಅಂಗಡಿ ಮುಚ್ಚಿತು. ಕಣ್ಣನ್ನು ಮಾತ್ರ ಮೋಸಗೊಳಿಸಿ ಮೈಯನ್ನು ಮರೆತದ್ದು ಅದರ ಸೋಲಿಗೆ ಒಂದು ಕಾರಣ.

ಮುಂದಿನ ದಾರಿ ತೆರೆದದ್ದು ಮೊಬೈಲ್ ಫೋನು. ಕೋಟಿಗಟ್ಟಲೆ ಸ್ಮಾರ್ಟ್‌ಫೋನುಗಳು ತಯಾರಾದ್ದರಿಂದ ಚಿಕ್ಕ, ಸ್ಪಷ್ಟ ಪರದೆಗಳೂ ಚಲನೆ ಅಳೆಯುವ ಸಂವೇದಕಗಳೂ ಅಗ್ಗವಾದವು. 2012ರಲ್ಲಿ ಪಾಮರ್ ಲಕಿ ಎಂಬ ಅಮೆರಿಕದ ತರುಣನ ‘ಆಕ್ಯುಲಸ್’ ಸಂಸ್ಥೆ ಜನರಿಂದಲೇ ಸುಮಾರು 24 ಲಕ್ಷ ಡಾಲರ್ ಎತ್ತಿತು. 2014ರಲ್ಲಿ ಫೇಸ್‌ಬುಕ್ ಅದನ್ನು ಸುಮಾರು 200 ಕೋಟಿ ಡಾಲರಿಗೆ ಕೊಳ್ಳಲು ಮುಂದಾಯಿತು. 2016ರಲ್ಲಿ ಆಕ್ಯುಲಸ್ ರಿಫ್ಟ್, ಎಚ್‌ಟಿಸಿ ವೈವ್, ಸೋನಿಯ ಪ್ಲೇಸ್ಟೇಷನ್ ವಿ.ಆರ್. ಒಂದರ ಹಿಂದೊಂದು ಮಾರುಕಟ್ಟೆಗೆ ಬಂದವು. 2019ರ ‘ಕ್ವೆಸ್ಟ್’ ಹೆಡ್‌ಸೆಟ್ ಕಂಪ್ಯೂಟರಿನ ಹಂಗನ್ನೂ ತಂತಿಯ ಕಟ್ಟನ್ನೂ ಕಳಚಿತು.

ಮೈಯೇ ಆಡುವ ಆಟ

ಸಾಧನ ಬಂದ ಮೇಲೆ ಅದರಲ್ಲಿ ಏನು ಆಡಬೇಕೆಂಬ ಪ್ರಶ್ನೆ ಎದ್ದಿತು. ಟಿ.ವಿ. ಪರದೆಯ ಆಟಗಳನ್ನು ಹಾಗೆಯೇ ತಂದರೆ ನಡೆಯಲಿಲ್ಲ. ಹೊಸ ಬಗೆಯ ಆಟಗಳು ಹುಟ್ಟಿದವು.

2016ರ ‘ಜಾಬ್ ಸಿಮ್ಯುಲೇಟರ್’ ಅವುಗಳಲ್ಲೊಂದು. 2050ನೇ ಇಸವಿ. ಎಲ್ಲ ಕೆಲಸಗಳನ್ನೂ ರೋಬೋಗಳೇ ಮಾಡುತ್ತಿವೆ. ಹಿಂದೆ ಮನುಷ್ಯರು ‘ಉದ್ಯೋಗ’ ಮಾಡುತ್ತಿದ್ದರಂತೆ ಎಂಬುದನ್ನು ತೋರಿಸುವ ವಸ್ತುಸಂಗ್ರಹಾಲಯದಲ್ಲಿ ಆಟಗಾರ ಕಚೇರಿ, ಅಡುಗೆಮನೆ, ಅಂಗಡಿ, ಗ್ಯಾರೇಜಿನ ಕೆಲಸ ಮಾಡಬೇಕು. ಫೋನ್ ಎತ್ತುವುದು, ಕಾಫಿ ಕುಡಿಯುವುದು, ಕಾಗದ ಎಸೆಯುವುದು ಇಷ್ಟೇ. ಟಿ.ವಿ. ಪರದೆಯಲ್ಲಿ ಇದು ಬೇಸರದ ಆಟ. ಇಲ್ಲಿ ಕೈ ಚಾಚಿ ಲೋಟ ಹಿಡಿದರೆ ಲೋಟ ಕೈಗೆ ಬರುತ್ತದೆ. ಆ ಒಂದು ಸಂತೋಷಕ್ಕೆ ದೊಡ್ಡವರೂ ಮಕ್ಕಳಂತೆ ತಟ್ಟೆಗಳನ್ನು ಎಸೆದಾಡುತ್ತಾರೆ.

ಪೋಲೆಂಡಿನ ‘ಸೂಪರ್‌ಹಾಟ್ ವಿ.ಆರ್.’ನಲ್ಲಿ ಆಟಗಾರ ಅಲುಗಿದಾಗ ಮಾತ್ರ ಕಾಲ ಚಲಿಸುತ್ತದೆ. ಗುಂಡೊಂದು ಗಾಳಿಯಲ್ಲಿ ನಿಂತಿದೆ. ಕತ್ತು ತುಸು ಓರೆ ಮಾಡಿದರೆ ಅದು ಕಿವಿಯ ಪಕ್ಕದಲ್ಲೇ ಹಾದುಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಯಾರೋ ನಿಧಾನವಾಗಿ ವಿಚಿತ್ರ ಭಂಗಿಯಲ್ಲಿ ನರ್ತಿಸುತ್ತಿರುವಂತೆ ಕಾಣುತ್ತದೆ. ಪ್ರಾಗ್ ನಗರದಲ್ಲಿ ಹುಟ್ಟಿ 2018ರಲ್ಲಿ ಬಂದ ‘ಬೀಟ್ ಸೇಬರ್’ ಇನ್ನೂ ಸರಳ. ಹಾಡಿನ ತಾಳಕ್ಕೆ ಸರಿಯಾಗಿ ತೇಲಿಬರುವ ಪೆಟ್ಟಿಗೆಗಳನ್ನು ಎರಡು ಬೆಳಕಿನ ಕತ್ತಿಗಳಿಂದ ಕತ್ತರಿಸಬೇಕು. ಕೆಂಪು ಎಡಗೈಗೆ, ನೀಲಿ ಬಲಗೈಗೆ. ಕೆಲವು ಹಾಡುಗಳಾಗುವಷ್ಟರಲ್ಲಿ ಬೆವರು ಇಳಿಯುತ್ತದೆ. ವಿ.ಆರ್. ಆಟಗಳಲ್ಲಿ ಇಷ್ಟು ಜನಪ್ರಿಯವಾದವು ಕಡಿಮೆ.

ಹೆದರಿಸುವ ಆಟಗಳದು ಬೇರೆಯೇ ಕಥೆ. 2017ರ ‘ರೆಸಿಡೆಂಟ್ ಈವಿಲ್ 7’ ಇಡೀ ಆಟವನ್ನು ಹೆಡ್‌ಸೆಟ್ಟಿನಲ್ಲೇ ಆಡಬಹುದು. ಟಿ.ವಿ.ಯಲ್ಲಿ ಭೂತದ ಚಿತ್ರ ನೋಡುವವರು ಹೆದರಿಕೆಯಾದರೆ ಬೇರೆ ಕಡೆ ಮುಖ ತಿರುಗಿಸುತ್ತಾರೆ. ಇಲ್ಲಿ ಯಾವ ಕಡೆ ತಿರುಗಿದರೂ ಅದೇ ಹಾಳುಮನೆ. ಕಣ್ಣು ಮುಚ್ಚುವುದೊಂದೇ ದಾರಿ.

ಇವೆಲ್ಲಕ್ಕಿಂತ ಹೆಚ್ಚು ಹೊಗಳಿಸಿಕೊಂಡದ್ದು 2020ರ ಮಾರ್ಚಿನಲ್ಲಿ ಬಂದ ‘ಹಾಫ್-ಲೈಫ್: ಆಲಿಕ್ಸ್’. ಅದರಲ್ಲೊಂದು ಪ್ರಸಂಗ ಹೀಗಿದೆ. ಕಣ್ಣು ಕಾಣದ, ಆದರೆ ಕಿವಿ ಬಹಳ ಚುರುಕಾದ ಪ್ರಾಣಿಯೊಂದು ಹಳೆಯ ಕಟ್ಟಡದಲ್ಲಿ ಅಲೆಯುತ್ತಿದೆ. ಅಲ್ಲಿನ ಗಾಳಿಯಲ್ಲಿ ಕೆಮ್ಮು ತರಿಸುವ ಧೂಳು. ಕೆಮ್ಮಿದರೆ ಪ್ರಾಣಿಗೆ ಗೊತ್ತಾಗುತ್ತದೆ. ಆದ್ದರಿಂದ ಆಟಗಾರ ಒಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದೇ ಇನ್ನೊಂದು ಕೈಯಲ್ಲಿ ಬಾಗಿಲು ತೆರೆಯಬೇಕು. ಬಾಗಿಲಿಗೆ ತಾಗಿದ ಬಾಟಲಿ ಉರುಳಿದರೆ ನೆಲಕ್ಕೆ ಬೀಳುವ ಮೊದಲೇ ಹಿಡಿಯಬೇಕು. ಬಾಯಿಗೆ ಕೈ ಅಡ್ಡ ಹಿಡಿಯುವುದು ಯಾವ ಗುಂಡಿ ಒತ್ತಿದರೂ ಬಾರದ ಅನುಭವ. ಆ ಹೊತ್ತಿಗೆ ಕೊರೊನಾ ಕಾಲದ ಬೀಗಮುದ್ರೆ ಬಿದ್ದಿತ್ತು. ಈ ಆಟದಲ್ಲಿ ಗಾಜಿನ ಮೇಲೆ ಬರೆಯುವ ಪೆನ್ನುಗಳಿವೆ. ಅಮೆರಿಕದ ಶಿಕ್ಷಕರೊಬ್ಬರು ಆಟದೊಳಗಿನ ಕಿಟಕಿಯ ಮೇಲೆಯೇ ರೇಖಾಗಣಿತದ ಕೋನಗಳನ್ನು ಬರೆದು ಪಾಠ ಹೇಳಿ ಸುದ್ದಿಯಾದರು.

ಎಲ್ಲ ಆಟಗಳೂ ಹೊಡೆದಾಟದವಲ್ಲ. 2018ರ ‘ಮಾಸ್’ನಲ್ಲಿ ನಾಯಕಿ ಒಂದು ಪುಟ್ಟ ಇಲಿ, ಹೆಸರು ಕ್ವಿಲ್. ಆಟಗಾರ ಅದರ ಕಾಡಿನ ಮೇಲೆ ಬಾಗಿ ನೋಡುವ ದೊಡ್ಡ ಜೀವ. ಕ್ವಿಲ್ ತಲೆಯೆತ್ತಿ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆ, ಕಿವುಡರ ಸಂಜ್ಞಾಭಾಷೆಯಲ್ಲಿ ಮಾತಾಡುತ್ತದೆ. ಬೆರಳಿನಿಂದ ಅದರ ತಲೆ ಸವರಬಹುದು. ಗುಂಡು ಹಾರಿಸುವುದಕ್ಕಿಂತ ಈ ಇಲಿಯ ನೋಟವೇ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಹೊಟ್ಟೆ ತೊಳಸುವುದೇಕೆ?

ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ಮುಖವಿಟ್ಟು ಕೂತವರ ಪಾಡು ಎಲ್ಲರಿಗೂ ಗೊತ್ತು. ಒಳಗಿವಿಯಲ್ಲಿರುವ ದ್ರವ ತುಂಬಿದ ನಾಳಗಳು ದೇಹದ ಸಮತೋಲ ನೋಡಿಕೊಳ್ಳುತ್ತವೆ. ಬಸ್ಸಿನೊಳಗೆ ಎದುರಿನ ಸೀಟು ನಿಂತಲ್ಲೇ ಇದೆ ಎಂದು ಕಣ್ಣು ಹೇಳುತ್ತದೆ. ಮೈ ತಿರುಗುತ್ತಿದೆ ಎಂದು ಕಿವಿ ಹೇಳುತ್ತದೆ. ಈ ಜಗಳದ ಫಲವೇ ವಾಕರಿಕೆ. ವಿ.ಆರ್.ನಲ್ಲಿ ಜಗಳ ತಿರುವುಮುರುವು. ಓಡುತ್ತಿದ್ದೇನೆ ಎಂದು ಕಣ್ಣು, ನಿಂತಿದ್ದೇನೆ ಎಂದು ಕಿವಿ.

ಹಾಗಾದರೆ ಹೊಟ್ಟೆ ಏಕೆ ನಡುವೆ ಬರಬೇಕು? ಟ್ರೀಸ್ಮನ್ ಎಂಬ ವಿಜ್ಞಾನಿ 1977ರಲ್ಲಿ ಒಂದು ಊಹೆ ಮುಂದಿಟ್ಟರು. ವಿಷ ತಿಂದಾಗಲೂ ಕಣ್ಣು ಕಿವಿಗಳ ಹೊಂದಾಣಿಕೆ ತಪ್ಪುತ್ತದೆ. ಆದ್ದರಿಂದ ಹೊಂದಾಣಿಕೆ ತಪ್ಪಿದ ಕೂಡಲೇ ದೇಹ ವಿಷವೆಂದೇ ಭಾವಿಸಿ ಅದನ್ನು ಹೊರಹಾಕಲು ನೋಡುತ್ತದೆ ಎಂಬುದು ಅವರ ವಾದ. ಇದನ್ನು ಎಲ್ಲರೂ ಒಪ್ಪಿಲ್ಲವಾದರೂ ವಾದ ಸ್ವಾರಸ್ಯಕರವಾಗಿದೆ.

ಆಟ ಕಟ್ಟುವವರು ಇದಕ್ಕೆ ಉಪಾಯಗಳನ್ನು ಕಂಡುಕೊಂಡಿದ್ದಾರೆ. ಓಡುವ ಬದಲು ಬೇಕಾದ ಜಾಗಕ್ಕೆ ಬೆರಳು ತೋರಿ ಒಮ್ಮೆಗೇ ಜಿಗಿಯುವುದು ಒಂದು. ಚಲಿಸುವಾಗ ನೋಟದ ಅಂಚುಗಳನ್ನು ಕಪ್ಪಾಗಿಸುವುದು ಇನ್ನೊಂದು. ವಿಮಾನ, ಕಾರುಗಳ ಆಟದಲ್ಲಿ ಸುತ್ತಲೂ ಅಲುಗದ ಕ್ಯಾಬಿನ್ ಇಡುವುದು ಮತ್ತೊಂದು. ಆದರೂ ಕೆಲವರಿಗೆ ಒಗ್ಗುವುದೇ ಇಲ್ಲ. ಮೊದಲ ಸಲ ಆಡುವವರು ಕೂತು ಆಡುವ ಆಟ ಆರಿಸಿಕೊಂಡು, ತಲೆ ಸುತ್ತಿದ ಕೂಡಲೇ ನಿಲ್ಲಿಸುವುದು ಒಳ್ಳೆಯದು. ಹಟ ಹಿಡಿದು ಆಡಿದರೆ ಸಂಕಟ ಗಂಟೆಗಟ್ಟಲೆ ಉಳಿಯಬಹುದು.

ಭಯವೇ ಮದ್ದು

ಸುಳ್ಳು ಹಲಗೆಯ ಮೇಲೆ ನಿಜವಾದ ಭಯ ಹುಟ್ಟುವುದಾದರೆ, ಆ ಭಯವನ್ನು ಅಲ್ಲೇ ಪಳಗಿಸಲೂ ಬಹುದಲ್ಲವೇ? ಅಮೆರಿಕದ ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು 1995ರಲ್ಲಿ ಇದನ್ನೇ ಪ್ರಯೋಗಿಸಿ ತೋರಿಸಿದರು. ಎತ್ತರಕ್ಕೆ ಹೆದರುವವರನ್ನು ಕಂಪ್ಯೂಟರ್ ಬರೆದ ಕಾಲುಸೇತುವೆ, ಬಾಲ್ಕನಿ, ಗಾಜಿನ ಲಿಫ್ಟುಗಳಲ್ಲಿ ಹಂತಹಂತವಾಗಿ ನಿಲ್ಲಿಸಿದಾಗ ಅವರ ಹೆದರಿಕೆ ಇಳಿಯಿತು. ಅಂದಿನ ಚಿತ್ರಗಳು ಒರಟಾಗಿದ್ದವು. ಆದರೂ ಮೈ ನಂಬಿತ್ತು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಬೆಂಕಿಯಲ್ಲಿ ಬೆಂದವರಿಗಾಗಿ ‘ಸ್ನೋವರ್ಲ್ಡ್’ ಎಂಬ ಆಟ ರೂಪಿಸಿದರು. ಸುಟ್ಟ ಗಾಯದ ಪಟ್ಟಿ ಬದಲಿಸುವಾಗಿನ ನೋವು ಮಾತಿಗೆ ಮೀರಿದ್ದು. ಆ ಹೊತ್ತಿನಲ್ಲಿ ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತಾ ಪೆಂಗ್ವಿನ್‌ಗಳ ಮೇಲೆ, ಹಿಮದ ಬೊಂಬೆಗಳ ಮೇಲೆ ಹಿಮದ ಉಂಡೆ ಎಸೆಯುತ್ತಾನೆ. ನೋವು ಗಣನೀಯವಾಗಿ ತಗ್ಗಿತೆಂದು ರೋಗಿಗಳು ಹೇಳಿದರು. ಗಮನಕ್ಕೊಂದು ಮಿತಿಯಿದೆ, ಅದು ಹಿಮದ ಕಡೆ ಹೋದಷ್ಟೂ ಗಾಯದ ಕಡೆ ಕಡಿಮೆಯಾಗುತ್ತದೆ ಎಂಬುದು ವಿವರಣೆ.

ಹೆಜ್ಜೆಯ ಗುರುತು

ಇಷ್ಟೆಲ್ಲ ಇದ್ದೂ ವಿ.ಆರ್. ಟಿ.ವಿ.ಯಂತೆ ಮನೆಮನೆಗೆ ಬಂದಿಲ್ಲ. 2021ರಲ್ಲಿ ‘ಮೆಟಾ’ ಎಂದು ಹೆಸರು ಬದಲಿಸಿಕೊಂಡ ಫೇಸ್‌ಬುಕ್ ಸಂಸ್ಥೆಯ ಈ ವಿಭಾಗ 2023ರಲ್ಲಿ 1,600 ಕೋಟಿ ಡಾಲರಿಗೂ ಹೆಚ್ಚು ನಷ್ಟ ತೋರಿಸಿತು. ನಷ್ಟದ ಬಿಸಿ ಆಟಗಾರರಿಗೂ ತಟ್ಟಿದೆ. ತೂಕವಿಲ್ಲದ ಆಕಾಶದಲ್ಲಿ ಗೋಡೆಯನ್ನು ಕೈಯಿಂದ ತಳ್ಳುತ್ತಾ ತೇಲಿ, ತಟ್ಟೆಯೊಂದನ್ನು ಗೋಲಿಗೆ ಎಸೆಯುವ ‘ಎಕೋ ವಿ.ಆರ್.’ ಎಂಬ ಆಟ 2017ರಲ್ಲಿ ಬಂದಿತ್ತು. ಆಟಗಾರರು ವರ್ಷಗಟ್ಟಲೆ ಅಭ್ಯಾಸ ಮಾಡಿ ತೇಲುವುದನ್ನು ಕಲಿತರು. 2023ರ ಆಗಸ್ಟ್ 1ರಂದು ಮೆಟಾ ಅದರ ಸರ್ವರುಗಳನ್ನು ನಿಲ್ಲಿಸಿತು. ಮೈ ಕಲಿತ ವಿದ್ಯೆ ಉಳಿಯಿತು, ತೇಲುವ ಆಕಾಶವೇ ಇಲ್ಲವಾಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಹೊರಗಿನಿಂದ ಬರುವವರು ಯಾರೆಂದು ಮನೆಯವರು ಮುಖ ನೋಡದೆಯೇ ಹೆಜ್ಜೆ ಸಪ್ಪಳದಿಂದ ಹೇಳುತ್ತಾರೆ. ಯಂತ್ರವೂ ಈಗ ಅದನ್ನು ಕಲಿತಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಸಂಶೋಧಕರು ಮತ್ತು ಸಹೋದ್ಯೋಗಿಗಳು 2023ರಲ್ಲಿ ‘ಬೀಟ್ ಸೇಬರ್’ ಆಡಿದ 55,541 ಮಂದಿಯ ತಲೆ ಮತ್ತು ಕೈಗಳ ಚಲನೆಯನ್ನು ಪರಿಶೀಲಿಸಿದರು. ಅಷ್ಟು ಜನರ ನಡುವೆ ಒಬ್ಬರನ್ನು ಗುರುತಿಸಲು 100 ಸೆಕೆಂಡುಗಳ ಚಲನೆ ಸಾಕಾಯಿತು. ಸರಿಯಾಗಿ ಗುರುತಿಸಿದ ಪ್ರಮಾಣ ಶೇಕಡಾ 94. ಹೆಸರು ಬದಲಿಸಬಹುದು, ಆಟದೊಳಗಿನ ವೇಷ ಬದಲಿಸಬಹುದು. ಕೈ ಬೀಸುವ ರೀತಿ ಬದಲಿಸುವುದು ಹೇಗೆ?

ಈ ಚಲನೆಯ ಲೆಕ್ಕವಿಲ್ಲದೆ ವಿ.ಆರ್. ನಡೆಯುವುದೇ ಇಲ್ಲ. ಕತ್ತು ಹೊರಳಿದ್ದು ಯಂತ್ರಕ್ಕೆ ತಿಳಿಯದಿದ್ದರೆ ಚಿತ್ರ ಹೊರಳದು. ಭ್ರಮೆಗೂ ಕಣ್ಗಾವಲಿಗೂ ಬೇಕಾದ ಸಾಮಗ್ರಿ ಒಂದೇ. ಆದ್ದರಿಂದ ಆ ಲೆಕ್ಕ ಹೆಡ್‌ಸೆಟ್ಟಿನೊಳಗೇ ಉಳಿಯುತ್ತದೆಯೇ, ಹೊರಗೆ ಹೋಗುತ್ತದೆಯೇ, ಹೋದರೆ ಯಾರ ಕೈಗೆ ಎಂದು ಕೇಳುವುದು ಬೆಲೆ ಕೇಳುವಷ್ಟೇ ಅಗತ್ಯ. ಮಕ್ಕಳಿಗೆ ಕೊಡಿಸುವ ಮೊದಲು ತಯಾರಕರು ಹೇಳಿರುವ ವಯಸ್ಸಿನ ಮಿತಿಯನ್ನೂ ನೋಡಿಕೊಳ್ಳಬೇಕು.

ಹಲಗೆಯ ತುದಿ ಮುಟ್ಟಿ ಬಂದವರು ಹೆಡ್‌ಸೆಟ್ ತೆಗೆದ ಮೇಲೂ ಒಂದು ಕ್ಷಣ ಅಲ್ಲೇ ನಿಲ್ಲುತ್ತಾರೆ. ಎದುರಿಗೆ ಅದೇ ಗೋಡೆ, ಅದೇ ಕ್ಯಾಲೆಂಡರು. ಮೊದಲು ಒಂದು ಕಾಲನ್ನು ಮೆಲ್ಲಗೆ ಇಳಿಸಿ, ನೆಲ ಇದೆಯೇ ಎಂದು ತಡಕಿ ನೋಡುತ್ತಾರೆ. ನೆಲ ಸಿಕ್ಕಿದ ಮೇಲೆ ಸುತ್ತಲಿದ್ದವರ ಜೊತೆ ಅವರೂ ನಗುತ್ತಾರೆ. ಆಮೇಲೆ ನಕ್ಕವರೊಬ್ಬರು ಹೆಡ್‌ಸೆಟ್ಟಿಗೆ ಕೈ ಚಾಚುತ್ತಾರೆ. ಹಲಗೆಯ ಮೇಲೆ ಅವರ ಕಾಲೂ ನಡುಗುತ್ತದೆ.